ಹೊನ್ನಕಟ್ಟೆ ಕೆರೆಗೆ ನಾವು ಬೇಲಿ ಹಾಕಿದ್ದು

ಮೂವತ್ತು ಚಿಲ್ಲರೆ ವರ್ಷ ಕೆರೆಗಳ ಕೆಲಸ ಮಾಡಿ ನಿವೃತ್ತಳಾದ ನನಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಮೇಲಧಿಕಾರಿಗಳಿಗೂ ಬರುತ್ತಿರಲಿಲ್ಲ. ಈಜು ಬೇಕಾಗುವಷ್ಟು ನೀರಿನ ಹತ್ತಿರ ಹೋಗುವ ಸಂದರ್ಭ ನಮ್ಮ ಇಲಾಖೆಯಲ್ಲಿ ಕಡಿಮೆ. ಕೆರೆಗಳನ್ನು ನಾವು ಕಂಡದ್ದು ಹೆಚ್ಚಾಗಿ ಫೈಲುಗಳಲ್ಲಿ, ಅಲ್ಲಿ ಮುಳುಗಿದವರನ್ನು ಎತ್ತಲು ಈಜು ಬಂದರೂ ಪ್ರಯೋಜನವಿಲ್ಲ.

ಈಗ ಹೊಸದಾಗಿ ಎಂಜಿನಿಯರುಗಳಾಗಿ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ. ನಿದ್ದೆ ಬಾರದವರು ತರಿಸಿಕೊಂಡು ಓದಬಹುದು. ನಾನು ಹೇಳಹೊರಟಿರುವುದು ತೊಂಬತ್ತರ ದಶಕದಲ್ಲಿ, ಸಿಂಗಸಂದ್ರದಿಂದ ಆಚೆಗೆ, ಹೊನ್ನಕಟ್ಟೆ ಎಂಬ ಊರಿನ ಕೆರೆಗೆ ಸರ್ಕಾರದ ಕಡೆಯಿಂದ ನಾವು ಸಾರ್ವಜನಿಕರನ್ನು ಬಿಟ್ಟುಕೊಂಡ ಸಂಗತಿ. ಅದರಲ್ಲಿ ನಾನು ಮಾಡಿದ ಒಂದು ತಪ್ಪಿದೆ. ಅದನ್ನು ಹೇಳದಿದ್ದರೆ ಉಳಿದದ್ದನ್ನು ಹೇಳುವ ಹಕ್ಕು ನನಗಿಲ್ಲ.

ನಾನು ದಾವಣಗೆರೆ ಕಡೆಯವಳು. ಗಂಡನಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಇದ್ದುದರಿಂದ ಬೆಂಗಳೂರಿಗೆ ಬಂದು, ಕಾರ್ಖಾನೆಯ ಕಾಲೊನಿಯಲ್ಲಿ ಮನೆ ಮಾಡಿ, ಇಲಾಖೆಗೆ ಜೂನಿಯರ್ ಎಂಜಿನಿಯರ್ ಆಗಿ ಸೇರಿದೆ. ನನ್ನ ಮೇಲಿದ್ದವರು ನಂಜುಂಡಯ್ಯ ಸಾಹೇಬರು. ದೇವರಂಥ ಮನುಷ್ಯ. ಅಂದರೆ ಸೈಟಿನಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ರಬ್ಬರ್ ಇರುತ್ತಿತ್ತು. ಪೆನ್ನಿಗಿಂತ ಅದನ್ನೇ ಅವರು ಹೆಚ್ಚು ಬಳಸುತ್ತಿದ್ದರು. ಯಾರ ಮೇಲೂ ಕೂಗಾಡಿದವರಲ್ಲ, ಲಂಚ ಮುಟ್ಟಿದವರಲ್ಲ. ಬೆಳಿಗ್ಗೆ ಹತ್ತಕ್ಕೆ ಬಂದು ನಮ್ಮ ನಕ್ಷೆಗಳಲ್ಲಿ ಏನಾದರೊಂದನ್ನು ಅಳಿಸಿ ಐದೂವರೆಗೆ ಮನೆಗೆ ಹೋಗುತ್ತಿದ್ದರು.

ಸೇರಿದ ಮೊದಲ ತಿಂಗಳಲ್ಲೇ ನನ್ನನ್ನು ಪೀಣ್ಯದ ಹಿಂಭಾಗದ ಒಂದು ಕೆರೆಯನ್ನು ಅಳೆಯಲು ಕಳಿಸಿದರು. ಸರಪಳಿ ಎಳೆದು, ಕಾರ್ಖಾನೆಯವರು ತಂದು ಸುರಿದಿದ್ದ ಕಸದ ಗುಡ್ಡೆ ಹತ್ತಿ ಇಳಿದು, ಮೂರು ದಿನ ಬಿಸಿಲಲ್ಲಿ ಬೆಂದು ಅಳೆದೆ. ಬಂದು ಹೇಳಿದೆ, "ಸಾರ್, ನಮ್ಮ ಫೈಲಲ್ಲಿರೋ ಕೆರೆ ದೊಡ್ಡದು. ಸೈಟಲ್ಲಿರೋದು ಅದರ ಅರ್ಧನೂ ಇಲ್ಲ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಸೈಟ್ ತಪ್ಪಿದೆಯಮ್ಮ" ಎಂದರು. "ನೋಡು ಗಿರಿಜಮ್ಮ, ಒಂದು ಮಾತು ಹೇಳ್ತೀನಿ. ಸೈಟಿಗೆ ಜಾಸ್ತಿ ಹೋಗ್ಬೇಡ. ಹೋದ್ರೆ ಡೌಟ್ ಬರುತ್ತೆ. ಡೌಟ್ ಬಂದ್ರೆ ನೋಟ್ ಬರೀತೀಯ. ನೋಟ್ ಬರೆದ್ರೆ ಅದಕ್ಕೆ ನಾನು ಉತ್ತರ ಬರೀಬೇಕು."

ನಾನು ನಕ್ಕೆ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಆಮೇಲಾಮೇಲೆ ನನಗೇ ಗೊತ್ತಿಲ್ಲದಂತೆ ಆ ಮಾತು ನನಗೂ ಅಂಟಿಕೊಂಡಿತು.

ಇನ್ನು ಹೊನ್ನಕಟ್ಟೆಯ ವಿಚಾರ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ದೊಡ್ಡ ಅಧಿಕಾರಿಯೊಬ್ಬರು ವಿದೇಶಕ್ಕೆ ಹೋಗಿ ಬಂದರು. ಅಲ್ಲಿ ಸರೋವರದ ಸುತ್ತ ಜನ ಸುಮ್ಮನೆ ನಡೆದಾಡುವುದನ್ನು ನೋಡಿ ಅವರಿಗೆ ಬಹಳ ಸಂತೋಷವಾಯಿತಂತೆ. ಇಲ್ಲಿಯೂ ಜನ ಕೆರೆಯ ಸುತ್ತ ನಡೆದಾಡುತ್ತಾರೆ, ಆದರೆ ತಲೆಯ ಮೇಲೆ ಬಟ್ಟೆಯ ಗಂಟು ಇರುತ್ತದೆ ಅಥವಾ ಮುಂದೆ ಎಮ್ಮೆ ಇರುತ್ತದೆ. ಅದು ಲೆಕ್ಕಕ್ಕೆ ಬರುವುದಿಲ್ಲ. ಕೆಲವೇ ದಿನಗಳಲ್ಲಿ ಸುತ್ತೋಲೆ ಬಂತು: ನಗರದ ಹೊರವಲಯದ ಕೆರೆಗಳಲ್ಲಿ ಸಾರ್ವಜನಿಕರ ವಿಹಾರಕ್ಕೆ ಅವಕಾಶ ಕಲ್ಪಿಸತಕ್ಕದ್ದು. ಅದಕ್ಕೆ ಅನುದಾನವೂ ಬಂತು. ನಮ್ಮ ಪಾಲಿಗೆ ಹೊನ್ನಕಟ್ಟೆ ಬಿತ್ತು.

ವಿಹಾರಕ್ಕೆ ಏನೇನು ಬೇಕು ಎಂಬುದರ ಮಾದರಿ ನಕ್ಷೆಯೊಂದು ಸುತ್ತೋಲೆಯ ಜೊತೆಗೇ ಬಂದಿತ್ತು. ಅದನ್ನು ನಗರದೊಳಗಿನ ಯಾವುದೋ ಉದ್ಯಾನವನದ ನಕ್ಷೆಯಿಂದ ಎತ್ತಿದ್ದರು. ಮೊದಲ ಕೆಲಸ, ಸುತ್ತ ತಂತಿಬೇಲಿ. ಎರಡನೆಯದು, ಒಂದು ಗೇಟು. ಮೂರನೆಯದು, ಕಾವಲುಗಾರನ ಕೋಣೆ. ನಾಲ್ಕನೆಯದು, ಏನೇನು ಮಾಡಬಾರದು ಎಂಬ ಫಲಕ. ನಡೆಯುವ ದಾರಿ, ಬೆಂಚು, ದೋಣಿಕಟ್ಟೆ ಇವೆಲ್ಲ ಆಮೇಲೆ.

"ಸಾರ್, ಜನ ಒಳಗೆ ಬರ್ಲಿ ಅಂತ ಸ್ಕೀಮು. ಮೊದಲು ಬೇಲಿ ಯಾಕೆ?" ಎಂದು ಕೇಳಿದೆ.

"ಮುಚ್ಚಿದ್ರೆ ತಾನೇ ಓಪನಿಂಗ್ ಮಾಡೋಕಾಗೋದು?" ಎಂದರು ಸಾಹೇಬರು.

ಸರ್ವೇಗೆ ಹೋದ ದಿನ ಕೆರೆಯ ಏರಿಯ ಮೇಲೆ ಮುದುಕರೊಬ್ಬರು ನನಗಾಗಿ ಕಾಯುತ್ತ ನಿಂತಿದ್ದರು. ಮೊಣಕಾಲ ಮೇಲಕ್ಕೆ ಕಟ್ಟಿದ ಪಂಚೆ, ತಲೆಗೆ ಟವೆಲು, ಕೈಯಲ್ಲಿ ಗುದ್ದಲಿ. ಹೆಸರು ಚಿಕ್ಕಮುನಿಯಪ್ಪ. ಊರವರು ಮುನಿಯಪ್ಪ ತಾತ ಎನ್ನುತ್ತಿದ್ದರು. ಅವರು ಆ ಕೆರೆಯ ನೀರಗಂಟಿ. ನೀರಗಂಟಿ ಎಂದರೆ ಕೆರೆಯ ತೂಬನ್ನು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳುವವರು. ಆ ಕೆಲಸಕ್ಕೆ ಸುಗ್ಗಿಯಲ್ಲಿ ಪ್ರತಿ ಮನೆಯವರೂ ಕಣದಲ್ಲಿ ಇಷ್ಟು ಧಾನ್ಯ ಎಂದು ಅಳೆದು ಕೊಡುತ್ತಿದ್ದರು. ಈಗ ಏರಿಯ ಕೆಳಗಿನ ಗದ್ದೆಗಳೆಲ್ಲ ಲೇಔಟ್ ಆಗಿ, ಸೈಟಿನ ಕಲ್ಲುಗಳು ಮೊಳೆತಿದ್ದವು. ಗದ್ದೆ ಹೋಯಿತು, ಕಣ ಹೋಯಿತು, ಧಾನ್ಯ ಹೋಯಿತು. ಆದರೂ ತಾತ ದಿನಾ ಬೆಳಿಗ್ಗೆ ಬಂದು ತೂಬು ನೋಡಿ ಹೋಗುತ್ತಿದ್ದರು.

"ಯಾಕೆ ತಾತ, ಈಗ ನೀರು ಯಾರಿಗೂ ಬೇಡವಲ್ಲ?" ಎಂದೆ.

"ನೀರು ಬ್ಯಾಡ ಅಂದ್ರೆ ಕೆರೆ ಸುಮ್ಕಿರ್ತದಾ, ಇಂಜಿನೀರಮ್ಮ? ಜಾಸ್ತಿ ಆದಾಗ ಬುಡಬೇಕು. ಆಗ ಯಾರು ಬುಡ್ತಾರೆ?"

ಏರಿಯಿಂದ ಸ್ವಲ್ಪ ದೂರ, ನೀರಿನೊಳಗೆ ನಿಂತಿದ್ದ ಎರಡು ಕಲ್ಲುಕಂಬಗಳನ್ನು ತೋರಿಸಿದರು. ಅದೇ ತೂಬು. ಅದರ ಬುಡದಲ್ಲಿ ಒಂದು ತೂತು, ತೂತಿಗೆ ಮರದ ಬಿರಡೆ. ನೀರಿಗಿಳಿದು ಆ ಬಿರಡೆಯನ್ನು ಕಿತ್ತರೆ ನೀರು ಏರಿಯ ಅಡಿಯಿಂದ ಆಚೆ ಹೋಗುತ್ತದೆ. ಅವರು ನನ್ನಲ್ಲಿ ಕೇಳಿದ್ದು ಮೂರೇ ಮಾತು. ಬೇಲಿ ಹಾಕುವಾಗ ತೂಬಿನ ಹತ್ತಿರ ಒಂದು ದಾರಿ ಬಿಡಬೇಕು. ಹೆಚ್ಚಾದ ನೀರು ಹೊರಹೋಗುವ ಕೋಡಿಯನ್ನು ಎತ್ತರ ಮಾಡಬಾರದು. ಮೂರನೆಯದನ್ನು ಕೇಳುವಾಗ ಅವರು ಸ್ವಲ್ಪ ನಾಚಿಕೊಂಡರು.

"ನಿಮ್ ಕಾಗ್ದದಾಗೆ ಎಲ್ಲಾನ ಒಂದ್ ಕಡೆ ನೀರಗಂಟಿ ಚಿಕ್ಕಮುನಿಯಪ್ಪ ಅಂತ ಬರ್ಕೊಳ್ಳಿ ತಾಯಿ. ಸಂಬ್ಳ ಬ್ಯಾಡ. ನಮ್ಮಪ್ಪನೂ ಇದೇ ಮಾಡ್ದ, ನಮ್ ತಾತನೂ ಇದೇ ಮಾಡ್ದ. ಮೊನ್ನೆ ಪಂಚಾಯ್ತಿ ಆಪೀಸ್ನಾಗೆ ಕೇಳಿದ್ರೆ, ಅಂಥದ್ದೊಂದು ಕೆಲ್ಸಾನೇ ಇಲ್ಲ, ಓಗೋ ಅಂದ್ರು."

ಕೋಡಿಯನ್ನು ಎತ್ತರಿಸುವುದು ಆಗಲೇ ತೀರ್ಮಾನವಾಗಿತ್ತು. ದೋಣಿ ತೇಲಬೇಕಾದರೆ ನೀರು ನಿಲ್ಲಬೇಕಲ್ಲ? ಒಂದೂವರೆ ಅಡಿ ಏರಿಸಿದರೆ ಯಾರಿಗೂ ತೊಂದರೆ ಇಲ್ಲವೆಂದು ಲೆಕ್ಕ ಹಾಕಿ ಬರೆದುಕೊಟ್ಟವಳು ನಾನೇ. "ಮ್ಯಾಲ್ಗಡೆ ಮನೆಗಳವೆ ಕಣವ್ವ" ಎಂದರು ತಾತ. ನಾನು ಹಳ್ಳಿಯ ನಕ್ಷೆ ಬಿಡಿಸಿ ನೋಡಿದೆ. ಕೆರೆಯ ಮೇಲ್ಭಾಗದಲ್ಲಿ ಗೋಮಾಳ ಎಂದಿತ್ತು, ಮನೆಗಳಿರಲಿಲ್ಲ.

"ಮ್ಯಾಪಿನಲ್ಲಿ ಇಲ್ಲವಲ್ಲ ತಾತ" ಎಂದೆ.

"ಮ್ಯಾಪಿನಾಗೆ ಇಲ್ಲ ಅಂತ ಮನೆ ಬುಟ್ಟು ಎದ್ದೋಗ್ತಾರಾ?"

ನೀಲಗಿರಿ ತೋಪು ದಾಟಿ ಹತ್ತು ನಿಮಿಷ ನಡೆದಿದ್ದರೆ ನನಗೇ ಕಾಣುತ್ತಿತ್ತು. ಫ್ಯಾಕ್ಟರಿ ಕೆಲಸಗಾರರಿಗೆಂದು ಬಾಡಿಗೆಗೆ ಕಟ್ಟಿದ್ದ ಲೈನ್ ಮನೆಗಳು, ಒಂದೊಂದು ಕೋಣೆಯವು, ಎರಡು ಸಾಲು. ಆದರೆ ಜೀಪು ನಾಲ್ಕು ಗಂಟೆಗೆ ವಾಪಸು ಹೋಗಬೇಕಿತ್ತು. ನಾನು ಮ್ಯಾಪನ್ನು ಮಡಚಿ ಜೀಪು ಹತ್ತಿದೆ. ನನ್ನ ತಪ್ಪು ಎಂದೆನಲ್ಲ, ಅದು ಇದೇ. ಕಣ್ಣೆದುರಿನ ಮನುಷ್ಯನ ಮಾತಿಗಿಂತ ನನ್ನ ತಾತನ ವಯಸ್ಸಿನ ಒಂದು ಕಾಗದವನ್ನು ನಂಬಿದೆ. ಎಂಜಿನಿಯರುಗಳಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು.

ದಾರಿಯ ವಿಷಯದಲ್ಲಿ ಮಾತ್ರ ಪ್ರಯತ್ನ ಮಾಡಿದೆ. ನಕ್ಷೆಯಲ್ಲಿ ತೂಬಿನ ಎದುರು ಪೆನ್ಸಿಲಿನಲ್ಲಿ ಎರಡನೆಯ ಗೇಟು ಬರೆದೆ. ಸಾಹೇಬರು ನಕ್ಷೆ ನೋಡಿದರು, ಜೇಬಿನಿಂದ ರಬ್ಬರ್ ತೆಗೆದರು.

"ಮಾದರಿ ನಕ್ಷೆಯಲ್ಲಿ ಎಷ್ಟು ಗೇಟಿದೆ?"

"ಒಂದು ಸಾರ್. ಆದ್ರೆ ನೀರಗಂಟಿ ಒಳಗೆ ಹೋಗೋಕೆ..."

"ನೀರಗಂಟಿ ಅನ್ನೋ ಪೋಸ್ಟ್ ಎಲ್ಲಿದೆಯಮ್ಮ? ಸೆಕ್ಯೂರಿಟಿ ಗಾರ್ಡ್ ಒಬ್ಬ ಇದಾನೆ. ಸಾಕು."

ಗೇಟನ್ನು ಅಳಿಸಿ, ರಬ್ಬರಿನ ಪುಡಿಯನ್ನು ಊದಿ, ನಕ್ಷೆಯನ್ನು ನನ್ನ ಕಡೆಗೆ ತಳ್ಳಿದರು. ನಾನು ಸಹಿ ಹಾಕಿದೆ. ಈಗ ನೀವೆಲ್ಲ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುತ್ತೀರಿ, ನಮ್ಮಂತೆ ಅಮೋನಿಯದ ವಾಸನೆಗೆ ಕಣ್ಣೀರು ಸುರಿಸಿ ಪ್ರಿಂಟು ತೆಗೆಯಬೇಕಿಲ್ಲ. ಒಂದು ಕೆರೆಯ ಬೇಲಿಯನ್ನು ಎತ್ತಿ ಇನ್ನೊಂದು ಕೆರೆಗೆ ಇಡಲು ನಮಗೆ ಒಂದು ವಾರ ಬೇಕಾಗುತ್ತಿತ್ತು. ನಿಮಗೆ ಒಂದು ನಿಮಿಷ ಸಾಕು. ಇದರಿಂದ ಯಾರಿಗೆ ಒಳ್ಳೆಯದಾಯಿತು ಎಂದು ನನಗೆ ಇನ್ನೂ ತಿಳಿದಿಲ್ಲ.

ಬೇಲಿ ಬಂತು. ಊರು ಒಂದು ದಡದಲ್ಲಿ, ಗೇಟು ಎದುರು ದಡದಲ್ಲಿ ಹೊಸೂರು ರಸ್ತೆಯ ಕಡೆಗೆ. ಗೇಟಿನಿಂದ ಹೊರಟ ವಿಹಾರದ ದಾರಿ ದೋಣಿಕಟ್ಟೆಯವರೆಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಕೆರೆಗೆ ನೀರು ತರುವ ದೊಡ್ಡ ಕಾಲುವೆಯನ್ನು ದಾಟಿ ಏರಿಗೆ ಸೇರುವ ಭಾಗವನ್ನು ಎರಡನೆಯ ಹಂತ ಎಂದು ಬರೆದಿದ್ದೆವು. ನನ್ನ ಇಡೀ ಸೇವಾವಧಿಯಲ್ಲಿ ಎರಡನೆಯ ಹಂತವನ್ನು ಕಣ್ಣಾರೆ ಕಂಡವರು ನನಗೆ ಸಿಗಲಿಲ್ಲ.

ಅನುದಾನ ಮಾರ್ಚಿಗೆ ಮುಗಿಯಬೇಕು ಎಂಬ ನಿಯಮವಿದ್ದುದರಿಂದ ದೋಣಿಗಳು ಮಾರ್ಚಿನಲ್ಲೇ ಬಂದವು. ಹಂಸದ ಆಕಾರದವು, ಕಾಲಿನಲ್ಲಿ ತುಳಿದು ನಡೆಸುವಂಥವು, ನಾಲ್ಕು. ಕೆರೆಯಲ್ಲಿ ಆಗ ಇದ್ದದ್ದು ಬಿರುಕು ಬಿಟ್ಟ ಕೆಸರು, ನಡುವೆ ಎಮ್ಮೆ ಮಲಗುವಷ್ಟು ನೀರು. ಹಂಸಗಳನ್ನು ಊರ ಶಾಲೆಯ ಜಗಲಿಯಲ್ಲಿ ಇರಿಸಿದೆವು. ಮಕ್ಕಳು ಅವುಗಳಲ್ಲೇ ಕೂತು ಮಗ್ಗಿ ಹೇಳತೊಡಗಿದರು. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು, "ಮೇಡಂ, ಇಬ್ಬರು ಟೀಚರ್ ಕೊಡಿ ಅಂತ ಮೂರು ವರ್ಷದಿಂದ ಬರೀತಿದೀನಿ. ಸರ್ಕಾರ ನಾಲ್ಕು ಹಂಸ ಕೊಟ್ಟಿದೆ ನೋಡಿ" ಎಂದರು. ಆ ವರ್ಷ ಶಾಲೆಗೆ ಹಾಜರಾತಿ ಚೆನ್ನಾಗಿತ್ತು. ಯೋಜನೆಯಿಂದ ಆದ ಖಚಿತವಾದ ಲಾಭ ಅದೊಂದೇ.

ಮಳೆ ಬಂದು ಅರ್ಧ ಕೆರೆ ತುಂಬಿದ ಮೇಲೆ ಉದ್ಘಾಟನೆ ಇಟ್ಟುಕೊಂಡರು. ಎಲ್ಲ ಸಿದ್ಧವಾಗಿತ್ತು, ಸಾರ್ವಜನಿಕರು ಮಾತ್ರ ಇರಲಿಲ್ಲ. ಊರವರಿಗೆ ಗೇಟಿಗೆ ಬರಬೇಕಾದರೆ ಸುತ್ತಿ ಬಳಸಿ ಒಂದು ಗಂಟೆಯ ದಾರಿ. ಬಂದವರನ್ನೂ ಕಾವಲುಗಾರ ಬಟ್ಟೆಯ ಗಂಟು ನೋಡಿ ಹಿಂದಕ್ಕೆ ಕಳಿಸಿದ್ದ. ಸಾಹೇಬರು ನನ್ನನ್ನು ಕರೆದರು. "ಗಿರಿಜಮ್ಮ, ನಿಮ್ಮ ಕಾಲೊನಿ ಲೇಡೀಸು ಒಂದು ಬಸ್ಸಷ್ಟು ಸಿಗ್ತಾರಾ?"

ಸಿಕ್ಕರು. ಹೀಗೆ ಸಾರ್ವಜನಿಕರನ್ನು ಒದಗಿಸಿದವಳೂ ನಾನೇ. ನಮ್ಮ ಕಾಲೊನಿಯ ಹೆಂಗಸರು ವಿಭೂತಿ ಹಚ್ಚಿಕೊಂಡು, ರೇಷ್ಮೆ ಸೀರೆ ಉಟ್ಟುಕೊಂಡು, ಡಬ್ಬಿಯಲ್ಲಿ ಚಕ್ಕುಲಿ, ಬುತ್ತಿ ತುಂಬಿಕೊಂಡು ಬಂದರು. ದಾರಿ ಮುಗಿಯುವ ತನಕ ನಡೆದರು, ದಾರಿ ಮುಗಿದ ಕಡೆ ತಿರುಗಿ ವಾಪಸು ನಡೆದರು. ಮಂತ್ರಿಗಳು ಇದನ್ನು ನೋಡಿ ಸಂತೋಷಪಟ್ಟು ಕಾರು ಹತ್ತಿದರು. ಎದುರು ದಡದ ಏರಿಯ ಮೇಲೆ ಊರಿಗೆ ಊರೇ ಬೇಲಿ ಹಿಡಿದು ನಿಂತು, ಸಾರ್ವಜನಿಕರು ವಿಹರಿಸುವುದನ್ನು ನೋಡುತ್ತಿತ್ತು. ನನಗೆ ಒಳಗೊಳಗೇ ನಾಚಿಕೆಯಾಯಿತು, ಆದರೆ ಚಕ್ಕುಲಿ ಚೆನ್ನಾಗಿತ್ತು, ತಿಂದೆ.

ಸಂಜೆ ಜೀಪಿನಲ್ಲಿ ಊರ ಕಡೆಗೆ ಹೋದಾಗ ಬಟ್ಟೆಯ ಗಂಟು ಹೊತ್ತಿದ್ದ ಹೆಂಗಸೊಬ್ಬಳು ಕೇಳಿದಳು, "ಅಕ್ಕಾ, ಅಷ್ಟೊಂದ್ ಜನ ಬಂದಿದ್ರಲ್ಲ, ಒಳಗೆ ಏನೈತೆ?"

"ಕೆರೆ" ಎಂದೆ.

"ಅಂಗಾ! ನಮ್ಮೂರಾಗೂ ಒಂದಿತ್ತು" ಎಂದು ಮುಂದೆ ಹೋದಳು.

ದಸರಾ ಕಳೆದ ಮೇಲೆ ಬೆಂಗಳೂರಿನಲ್ಲಿ ಬೀಳುವ ಮಳೆಯ ಗುಣ ನಿಮಗೆ ಗೊತ್ತಲ್ಲ. ಆ ವರ್ಷ ಎರಡು ದಿನ ಬಿಡದೆ ಹೊಯ್ಯಿತು. ಮೂರನೆಯ ದಿನ ಮಧ್ಯಾಹ್ನ ಕಚೇರಿಗೆ ಫೋನು ಬಂತು. ಕಾವಲುಗಾರ ಎಸ್‌ಟಿಡಿ ಬೂತಿನಿಂದ ಕೂಗುತ್ತಿದ್ದ. "ಮೇಡಂ, ನೀರು ಹಿಂದಕ್ಕೆ ಹೋಗ್ತಾ ಇದೆ. ಲೈನ್ ಮನೆಗಳಿಗೆ ನುಗ್ತಾ ಇದೆ!"

ಯಾವ ಲೈನ್ ಮನೆಗಳು ಎಂದು ಕೇಳಬೇಕೆಂದು ಬಾಯಿಗೆ ಬಂತು. ಕೇಳಲಿಲ್ಲ. ಜೀಪು ತೆಗೆದುಕೊಂಡು ಹೊರಟೆ. ಹೊಸೂರು ರಸ್ತೆ ತುಂಬ ಲಾರಿಗಳು ನಿಂತುಬಿಟ್ಟಿದ್ದವು, ನಾನು ತಲುಪುವ ಹೊತ್ತಿಗೆ ಸಂಜೆಯಾಯಿತು.

ಆಗಬೇಕಾದದ್ದೆಲ್ಲ ಅಷ್ಟರಲ್ಲಿ ಆಗಿಹೋಗಿತ್ತು. ನೀರು ಲೈನ್ ಮನೆಗಳ ಹೊಸ್ತಿಲು ದಾಟಿದ ಸುದ್ದಿ ಕೇಳಿ ಮುನಿಯಪ್ಪ ತಾತ ತೂಬಿಗೆ ಓಡಿ ಬಂದರು. ಮುಂದೆ ಬೇಲಿ. ಗೇಟು ಎದುರು ದಡದಲ್ಲಿ. ಅಲ್ಲಿಂದ ಬರೋಣವೆಂದರೆ ನಡುವೆ ಕಾಲುವೆ ಆಳೆತ್ತರ ಹರಿಯುತ್ತಿತ್ತು. ತಾತ ಮನೆಗೆ ಹೋಗಿ ಹಾರೆ, ಮಚ್ಚು ತಂದರು. ಐದು ಕಂಬ ಕಿತ್ತು, ತಂತಿ ಕಡಿದು, ನೀರಿಗೆ ಇಳಿದು, ಮೂರು ಸಲ ಮುಳುಗಿ ಎದ್ದು, ನಾಲ್ಕನೆಯ ಸಲಕ್ಕೆ ಬಿರಡೆ ಕಿತ್ತರು. ಎರಡು ಗಂಟೆಯಲ್ಲಿ ನೀರು ಏರುವುದು ನಿಂತಿತು. ಲೈನ್ ಮನೆಗಳಲ್ಲಿ ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕ ನೆನೆದವು. ಯಾರ ಜೀವಕ್ಕೂ ಅಪಾಯವಾಗಲಿಲ್ಲ.

ನಾನು ಮೊದಲು ಆ ಮನೆಗಳಿಗೆ ಹೋದೆ. ಬಾಣಂತಿಯೊಬ್ಬಳು ಮಂಚದ ಮೇಲೆ ಮಗುವನ್ನು ಎತ್ತಿಕೊಂಡು ಕೂತಿದ್ದಳು, ಅವಳ ಅತ್ತೆ ಚೊಂಬಿನಲ್ಲಿ ನೀರು ಗೋರಿ ಹೊರಗೆ ಚೆಲ್ಲುತ್ತಿದ್ದಳು. ನಾನು ಒಂದೂವರೆ ಅಡಿ ಎಂದು ಬರೆದದ್ದು ಇದನ್ನು. ಅಳು ಬಂತು. ಅತ್ತುಬಿಟ್ಟೆ. ನಾನು ಯಾರು, ಯಾಕೆ ಅಳುತ್ತಿದ್ದೇನೆ ಎಂದು ಅವರಿಗೆ ತಿಳಿಯಲಿಲ್ಲ. ಕೂರಲು ಸ್ಟೂಲು ಕೊಟ್ಟರು.

ಮುನಿಯಪ್ಪ ತಾತ ಏರಿಯ ಮೇಲೆ ಕಂಬಳಿ ಹೊದ್ದು ನಡುಗುತ್ತ ಟೀ ಕುಡಿಯುತ್ತಿದ್ದರು. ಅಂಗೈ ಎರಡೂ ತಂತಿಗೆ ಕೊಯ್ದುಹೋಗಿದ್ದವು. ನನ್ನನ್ನು ನೋಡಿ, "ಇಂಜಿನೀರಮ್ಮ, ನಿಮ್ ಬೇಲಿ ಸಾನೆ ಗಟ್ಟಿ ಕಣವ್ವ" ಎಂದರು. ನನ್ನ ಕಾಮಗಾರಿಯ ಗುಣಮಟ್ಟವನ್ನು ಯಾರಾದರೂ ಮನಸಾರೆ ಹೊಗಳಿದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಸಾಹೇಬರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಕಂಬ ಹೋಯ್ತು?"

"ಐದು ಸಾರ್. ಮನೆಗಳಿಗೆ ನೀರು..."

"ಹಂಸ?"

ಒಂದು ಹಂಸ ಕೋಡಿ ದಾಟಿ ತೇಲಿಹೋಗಿ ರಾಗಿ ಹೊಲದಲ್ಲಿ ನಿಂತಿತ್ತು. ಹೊಲದವನು ಅದನ್ನು ಬೆದರುಬೊಂಬೆಯಂತೆ ಅಲ್ಲೇ ಬಿಟ್ಟುಕೊಂಡಿದ್ದ. ಹೇಳಿದೆ.

"ಗಿರಿಜಮ್ಮ, ಪೊಲೀಸ್ ಕಂಪ್ಲೇಂಟ್ ಕೊಟ್ಬಿಡು. ಸರ್ಕಾರಿ ಆಸ್ತಿ ಹಾಳು ಮಾಡಿದಾರೆ, ವಿಹಾರದ ನೀರು ಪೋಲು ಮಾಡಿದಾರೆ ಅಂತ. ನಾವು ಕೊಡ್ಲಿಲ್ಲ ಅಂದ್ರೆ ಕೋಡಿ ಎತ್ತರಿಸಿದ್ದು ಯಾರು ಅಂತ ನಮ್ಮನ್ನ ಕೇಳ್ತಾರೆ. ಲೆಕ್ಕದಲ್ಲಿ ನಿನ್ನ ಸಹಿ ಇದೆ."

ಅವರು ಬೆದರಿಸುತ್ತಿರಲಿಲ್ಲ, ನಿಜವಾಗಿ ನನ್ನನ್ನು ಉಳಿಸುತ್ತಿದ್ದರು. ನಾನು ಹೆದರಿದೆ. ದೂರು ಬರೆದೆ. ಆದರೆ ತಾತನಿಗೆ ತೊಂದರೆಯಾಗಬಾರದೆಂದು ಒಂದು ಜಾಣತನ ಮಾಡಿದೆ. ಅವರ ಹೆಸರು ಬರೆಯಲಿಲ್ಲ. 'ಯಾರೋ ಅಪರಿಚಿತ ವ್ಯಕ್ತಿಗಳು ಬೇಲಿಯನ್ನು ಮುರಿದು ತೂಬನ್ನು ಎತ್ತಿರುತ್ತಾರೆ' ಎಂದು ಬರೆದೆ. ನಾನೇನೋ ದೊಡ್ಡ ಉಪಕಾರ ಮಾಡಿದ್ದೇನೆ ಎಂದುಕೊಂಡು ಪೊಲೀಸ್ ಠಾಣೆಗೆ ಹೋದೆ.

ತಾತ ಅಲ್ಲಿಗೆ ಬಂದು ಆಗಲೇ ಕೂತಿದ್ದರು. ಎಂಜಿನಿಯರಮ್ಮ ದೂರು ಕೊಡುತ್ತಾಳಂತೆ ಎಂದು ಕಾವಲುಗಾರ ಊರಲ್ಲಿ ಹೇಳಿದ್ದನಂತೆ. ಸಬ್ ಇನ್ಸ್‌ಪೆಕ್ಟರ್ ನನ್ನ ದೂರನ್ನು ಗಟ್ಟಿಯಾಗಿ ಓದಿದರು. ಅಪರಿಚಿತ ವ್ಯಕ್ತಿಗಳು ಎಂಬ ಮಾತು ಬಂದಾಗ ತಾತ ಎದ್ದು ನಿಂತರು.

"ಯಾರ್ ತಾಯಿ ಅಪರಿಚಿತ?"

ನಾನು ತಲೆ ತಗ್ಗಿಸಿದೆ. "ತಾತ, ಸುಮ್ನಿರಿ. ನಿಮಗೆ ಒಳ್ಳೇದಾಗ್ಲಿ ಅಂತಾನೇ ಹಾಗೆ ಬರೆದಿದೀನಿ."

"ಮೂರು ತಲೆಯಿಂದ ಆ ತೂಬು ನೋಡ್ಕಂಡ್ ಬಂದಿವ್ನಿ. ನೀನು ಬೇಲಿ ಅಳೆಯಾಕ್ ಬಂದ ದಿನ ಬಿಸಿಲಾಗೆ ಜೊತೇಲಿ ನಿಂತಿದ್ದೆ. ನಾನು ಅಪರಿಚಿತನಾ? ಕಳ್ಳ ಬಂದು ತೂಬು ಎತ್ತೋದ ಅಂತ ಬರ್ದಂಗಾಯ್ತಲ್ಲವ್ವ ಇದು!" ಅವರ ಕಣ್ಣಲ್ಲಿ ನೀರಿತ್ತು. "ನಾನೇ ಎತ್ತಿದ್ದು. ನೀರಗಂಟಿ ಎತ್ತಿದ. ಅಂಗೆ ಬರಿ. ಆಮ್ಯಾಕೆ ಜೈಲಿಗೆ ಆಕಿ."

ಇಷ್ಟು ವರ್ಷಗಳಾದ ಮೇಲೂ ಆ ಕ್ಷಣ ನೆನಪಾದರೆ ನನ್ನ ಮುಖ ಬಿಸಿಯಾಗುತ್ತದೆ. ಆ ಮನುಷ್ಯನ ಪಾಲಿಗೆ ಗದ್ದೆ ಹೋಗಿತ್ತು, ದಾರಿ ಹೋಗಿತ್ತು. ಉಳಿದಿದ್ದ ಒಂದೇ ಒಂದನ್ನು, ಉಪಕಾರ ಮಾಡುವ ಹೆಸರಿನಲ್ಲಿ, ನಾನು ಅಳಿಸಿದ್ದೆ. ಸಾಹೇಬರಂತೆ ರಬ್ಬರ್ ಬಳಸುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ.

ದೂರನ್ನು ಹರಿದು ಹಾಕಿದೆ. ಅಲ್ಲೇ ಬೆಂಚಿನ ಮೇಲೆ ಕೂತು ಹೊಸದಾಗಿ ಬರೆದೆ: 'ಕೆರೆಯ ನೀರು ಹಿಂದಕ್ಕೆ ಏರಿ ಮನೆಗಳಿಗೆ ನುಗ್ಗಿದ್ದರಿಂದ, ಹೊನ್ನಕಟ್ಟೆ ಕೆರೆಯ ನೀರಗಂಟಿ ಚಿಕ್ಕಮುನಿಯಪ್ಪನವರು ಬೇಲಿಯ ಐದು ಕಂಬಗಳನ್ನು ತೆಗೆದು ತೂಬನ್ನು ಎತ್ತಿರುತ್ತಾರೆ.'

ಸಬ್ ಇನ್ಸ್‌ಪೆಕ್ಟರ್ ಓದಿ ನನ್ನ ಮುಖ ನೋಡಿದರು. "ಏನ್ ಮೇಡಂ, ನೀರಗಂಟಿ ತೂಬು ಎತ್ತಿದ ಅಂತ ಕಂಪ್ಲೇಂಟಾ? ನಾಳೆ ಪೋಸ್ಟ್‌ಮ್ಯಾನ್ ಕಾಗದ ಹಂಚಿದ ಅಂತ ಬರ್ತೀರಾ? ಇದ್ರಲ್ಲಿ ಕೇಸ್ ಎಲ್ಲಿದೆ? ತಗೊಂಡ್ ಹೋಗಿ."

"ಸಾಮಿ, ವಾಪಸ್ ಕೊಡಬ್ಯಾಡಿ" ಎಂದು ತಾತ ಮೇಜಿಗೆ ಅಡ್ಡ ಬಂದರು. "ಸೀಲ್ ಆಕಿ ಕೊಡಿ."

"ಅಜ್ಜಾ, ನಿನ್ನ ಮೇಲೇನೇ ದೂರು ಇದು. ಗೊತ್ತಾ?"

"ಗೊತ್ತು ಸಾಮಿ. ಅದ್ಕೇ ಕೇಳ್ತಿರಾದು."

ಸಬ್ ಇನ್ಸ್‌ಪೆಕ್ಟರ್ ನಕ್ಕರು. ಆಮೇಲೆ ನಗು ನಿಲ್ಲಿಸಿ, ದೂರಿನ ಅಡಿಯಲ್ಲಿ, 'ನೀರಗಂಟಿಯು ತನ್ನ ಕರ್ತವ್ಯ ಮಾಡಿದ್ದು, ಯಾವುದೇ ಅಪರಾಧ ಕಂಡುಬಂದಿಲ್ಲ' ಎಂದು ಬರೆದು ಸೀಲು ಒತ್ತಿ, ಒಂದು ಪ್ರತಿಯನ್ನು ತಾತನ ಕೈಗೆ ಕೊಟ್ಟರು. ತಾತ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಇಟ್ಟುಕೊಂಡು ಮನೆಗೆ ಹೋದರು.

ನನಗೆ ಹದಿನೈದು ದಿನದಲ್ಲಿ ಮೆಮೊ ಬಂತು. ಮನೆಗಳಿಗೆ ನೀರು ನುಗ್ಗಿದ್ದಕ್ಕಲ್ಲ. ಮಂಜೂರಾತಿ ಇಲ್ಲದ ನೀರಗಂಟಿ ಎಂಬ ಹುದ್ದೆಯನ್ನು ಸರ್ಕಾರಿ ಪತ್ರದಲ್ಲಿ ನಮೂದಿಸಿ ಸೃಷ್ಟಿಸಿದ್ದಕ್ಕೆ. ಆ ಹುದ್ದೆ ನಮ್ಮ ಇಲಾಖೆಗಿಂತ ಹಳೆಯದು, ನಾನು ಸೃಷ್ಟಿಸಿದ್ದು ಕೋಡಿಯ ಮೇಲಿನ ಒಂದೂವರೆ ಅಡಿಯನ್ನು ಮಾತ್ರ, ಶಿಕ್ಷೆ ಕೊಡುವುದಾದರೆ ಅದಕ್ಕೆ ಕೊಡಿ ಎಂದು ಉತ್ತರ ಬರೆದೆ. ಅವರು ಹುದ್ದೆಗೇ ಕೊಟ್ಟರು. ಒಂದು ವರ್ಷದ ಇಂಕ್ರಿಮೆಂಟು ನಿಂತಿತು.

ಕಿತ್ತುಹೋದ ಐದು ಕಂಬಗಳ ಜಾಗದಲ್ಲಿ ಗೇಟು ಇಡಿಸಲು ಆರು ತಿಂಗಳು ಓಡಾಡಿದೆ. ಮಾದರಿ ನಕ್ಷೆಯಲ್ಲಿ ಒಂದೇ ಗೇಟು ಇದ್ದುದರಿಂದ ಎರಡನೆಯದನ್ನು ಗೇಟು ಎಂದು ಕರೆಯುವಂತಿರಲಿಲ್ಲ. ಕೊನೆಗೆ ಸಾಹೇಬರೇ ದಾರಿ ತೋರಿಸಿದರು. 'ಬೇಲಿಯ ತೆರೆಯಬಲ್ಲ ಭಾಗ' ಎಂದು ಬರೆದೆವು, ತಕ್ಷಣ ಮಂಜೂರಾಯಿತು. ಬೀಗವೂ ಬಂತು. ಆದರೆ ಕೀಲಿಯನ್ನು ಅಧಿಕೃತ ಸಿಬ್ಬಂದಿಗೆ ಮಾತ್ರ ಕೊಡತಕ್ಕದ್ದು ಎಂಬ ಷರತ್ತು ಅದರ ಜೊತೆಗಿತ್ತು. ಕೀಲಿ ನನ್ನ ಮೇಜಿನ ಡ್ರಾಯರಿನಲ್ಲಿ ಉಳಿಯಿತು. ಕೋಡಿಯನ್ನು ಮತ್ತೆ ತಗ್ಗಿಸಬೇಕೆಂದು ನಾನು ಬರೆದ ಟಿಪ್ಪಣಿ ಪರಿಶೀಲನೆಯಲ್ಲಿತ್ತು.

ಮುಂದಿನ ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಒಂದು ದಿನ ಮಧ್ಯಾಹ್ನ ಮುನಿಯಪ್ಪ ತಾತ ಎರಡು ಬಸ್ಸು ಬದಲಿಸಿ ನಮ್ಮ ಕಚೇರಿಗೆ ಬಂದರು.

"ಕೋಡಿ ಮ್ಯಾಲಿನ ಕಲ್ಲು ಅಂಗೇ ಐತೆ" ಎಂದರು. "ಮಳೆ ಬಂದ್ರೆ ಮತ್ತೆ ಅದೇ ಕತೆ. ಕೀಲಿ ಕೊಡವ್ವ."

"ಅಧಿಕೃತ ಸಿಬ್ಬಂದಿಗೆ ಮಾತ್ರ ಕೊಡ್ಬೇಕು ಅಂತ ಆರ್ಡರ್ ಇದೆ ತಾತ" ಎಂದೆ. ಹೇಳುವಾಗಲೇ ನನಗೆ ನನ್ನ ಮೇಲೆ ಅಸಹ್ಯವಾಯಿತು.

ತಾತ ಒಳಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು, ಕಾಗದವನ್ನು ಬಿಡಿಸಿ ಮೇಜಿನ ಮೇಲಿಟ್ಟರು. "ನಂಗೆ ಓದಾಕ್ ಬರಾಕಿಲ್ಲ. ಇದ್ರಾಗೆ ಐತಂತಲ್ಲ, ನೀನೇ ಓದು."

ಓದಿದೆ. ಹೊನ್ನಕಟ್ಟೆ ಕೆರೆಯ ನೀರಗಂಟಿ ಚಿಕ್ಕಮುನಿಯಪ್ಪನವರು.

"ಇನ್ನೊಂದ್ ಕಿತ ಓದು, ಗಟ್ಯಾಗಿ."

ಗಟ್ಟಿಯಾಗಿ ಓದಿದೆ. ಟೈಪು ಮಾಡುತ್ತಿದ್ದವರು ಕೈ ನಿಲ್ಲಿಸಿದರು. ಸಾಹೇಬರು ತಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತರು, ಒಂದು ಗಳಿಗೆ ನೋಡಿದರು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಡ್ರಾಯರ್ ಎಳೆದು ಕೀಲಿ ತೆಗೆದೆ. ರಿಜಿಸ್ಟರಿನಲ್ಲಿ ಹುದ್ದೆ ಎಂಬ ಕಾಲಮ್ಮಿನಲ್ಲಿ ಮಸಿಯಿಂದ ನೀರಗಂಟಿ ಎಂದು ಬರೆದೆ. ತಾತ ಅದರ ಎದುರಿಗೆ ಹೆಬ್ಬೆಟ್ಟು ಒತ್ತಿದರು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು.

"ಬತ್ತೀನಿ ಕಣವ್ವ. ಮೂಡ್ಲಾಗೆ ಮೋಡ ಕಟ್ಟೈತೆ."

"ಇರಿ ತಾತ, ನಾನೂ ಬರ್ತೀನಿ. ಆ ಲೈನ್ ಮನೆಗಳವರೆಗೂ ಅಳೀಬೇಕು."

"ಜೀಪು?"

"ಜೀಪು ನಾಲ್ಕು ಗಂಟೆಗೆ ವಾಪಸ್ ಬರ್ಬೇಕಂತೆ" ಎಂದೆ. ಛತ್ರಿ ತೆಗೆದುಕೊಂಡು ಅವರ ಜೊತೆ ಬಸ್ಸಿಗೆ ನಡೆದೆ.